ಸಂದಿಯ ಕಾವು

ಎಂಬತ್ತಾರನೆಯ ಇಸವಿ, ಮಾರ್ಗಶಿರ ಮಾಸ. ಬೆಳಗಾಗಿತ್ತು ಎನ್ನಬೇಕು, ಆದರೆ ತಂಬೂರಿನ ಕೆರೆಯಿಂದ ಎದ್ದ ಮಂಜು ಊರೊಳಗೆ ಬಂದು ಕುಳಿತುಬಿಟ್ಟಿದ್ದರಿಂದ ಎದುರು ಮನೆಯ ಬಾಗಿಲು ಕಾಣುತ್ತಿರಲಿಲ್ಲ. ನಾನು ಅಂಗಳದಲ್ಲಿ ಒಂದಿಷ್ಟು ಕಸಕಡ್ಡಿಗೆ ಉರಿ ಹಚ್ಚಿ ಕೈ ಕಾಸುತ್ತಿದ್ದೆ. ಕಲಘಟಗಿಯ ಮೊದಲ ಬಸ್ಸಿಗೆ ನನ್ನ ತಮ್ಮ ಈರಬಸಪ್ಪ ಮಗಳು ರೇವವ್ವನನ್ನು ಕರೆದುಕೊಂಡು ಬಂದ. ಅವಳಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ಮೊದಲನೆಯ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಕುಂದಗೋಳದ ಗಂಡನ ಮನೆಯಿಂದ ಎರಡನೆಯ ಬಾಣಂತನಕ್ಕೆ ತವರಿಗೆ ಬಂದಿದ್ದಳು.

ಅವಳ ತಾಯಿ ಸುಶೀಲವ್ವ ಕಟ್ಟೆಯ ಮೇಲೆ ಕುಳಿತು ಬೂದಿ ಹಚ್ಚಿ ಕೆಂಡದ ಶೇಗಡಿ ತಿಕ್ಕುತ್ತಿದ್ದಳು. ರೇವವ್ವ ಹೊಸ್ತಿಲಲ್ಲೇ ನಿಂತಳು.

"ಯವ್ವಾ, ಅದನ್ನ ನನ್ನ ಕೋಣ್ಯಾಗ ತಂದ್ರ ನಾ ಇದ ಬಸ್ಸಿಗೆ ತಿರುಗಿ ಹೊಕ್ಕೀನಿ."

"ಬಸ್ ಹೋತು, ಒಳಗ ಬಾ," ಎಂದಳು ಸುಶೀಲವ್ವ, ತಲೆ ಎತ್ತದೆ.

"ಮತ್ತೊಂದು ಬರತೈತಿ."

ನಮ್ಮ ಕಡೆ ಬಾಣಂತಿಗೆ ಕಾಸುವ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿ, ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ ಇಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಬಾಗಿಲು ಮುಚ್ಚುತ್ತಾರೆ. ಹೊಗೆಯಲ್ಲಿ ತಾಯಿ ಮಗು ಇಬ್ಬರೂ ಬೆಚ್ಚಗೆ ಮಲಗುತ್ತಾರೆ. ರೇವವ್ವನಿಗೆ ಚಿಕ್ಕಂದಿನಿಂದ ದಮ್ಮು. ಮೊದಲ ಬಾಣಂತನದಲ್ಲಿ ಆ ಹೊಗೆಗೆ ಉಸಿರು ಸಿಕ್ಕಿ ತುಟಿ ನೀಲಿಯಾಗಿತ್ತು. ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಕಲಘಟಗಿಗೆ ಒಯ್ದಿದ್ದೆವು. ಇನ್ನೊಮ್ಮೆ ಹೊಗೆ ಕೊಟ್ಟರೆ ತನ್ನ ಹತ್ತಿರ ತರಬೇಡಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಸುಶೀಲವ್ವನದೂ ಹಟ ಮಾತ್ರ ಅಲ್ಲ. ಅವಳ ತಂಗಿ ಗುರವ್ವನಿಗೆ ಮಳೆಗಾಲದ ಬಾಣಂತನದಲ್ಲಿ ಸರಿಯಾಗಿ ಕಾಸಲಿಲ್ಲವಂತೆ. ಆಕೆ ಇಂದಿಗೂ ಸೊಂಟ ನೆಟ್ಟಗೆ ಮಾಡಿ ನಡೆಯುವುದಿಲ್ಲ. ಹೀಗಾಗಿ ಒಬ್ಬಳು ಹೊಗೆಗೆ ಹೆದರುತ್ತಿದ್ದಳು, ಒಬ್ಬಳು ಥಂಡಿಗೆ ಹೆದರುತ್ತಿದ್ದಳು. ಹೊಗೆ ಬಂದರೆ ಹೋಗುತ್ತೇನೆ ಎಂದು ರೇವವ್ವ ತಂದ ಗಂಟನ್ನು ಬಿಚ್ಚಲೇ ಇಲ್ಲ. ಬಾಗಿಲ ಮರೆಯಲ್ಲಿ ಹಾಗೇ ಇಟ್ಟಳು. ಹಡೆದ ಮಗಳು ಬಾಣಂತನದ ನಡುವೆ ತವರು ಬಿಟ್ಟು ಹೋದಳೆಂದರೆ ಈರಬಸಪ್ಪ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಮತ್ತೆ ಕೂಡ್ರುವಂತಿರಲಿಲ್ಲ.

"ಅಣ್ಣಾ," ಎಂದ ಈರಬಸಪ್ಪ ನನಗೆ, "ಹೊಗಿ ಇಲ್ಲದ ಕಾವು ಎಲ್ಲರೆ ಸಿಗತೈತೇನು?"

ನಮ್ಮ ಪಂಪಿನ ಮೋಟಾರು ರಿಪೇರಿ ಮಾಡುವ ಕಲಘಟಗಿಯ ಅಬ್ದುಲಗನಿಯನ್ನು ಕೇಳಿದೆವು. ಹುಬ್ಬಳ್ಳಿಯಲ್ಲಿ ಸಿಗುತ್ತದೆ ಎಂದ. ಆ ವರ್ಷದ ಕಬ್ಬಿನ ಬಿಲ್ಲು ಆಗತಾನೇ ಕೈಗೆ ಬಂದಿತ್ತು. ಮೂವರೂ ಬಸ್ಸು ಹತ್ತಿದೆವು.

ಅಂಗಡಿಯವ ಮೊದಲು ಕೆಂಪಗೆ ಕಾಯುವ ತಂತಿಯ ಹೀಟರು ತೋರಿಸಿದ. ಈರಬಸಪ್ಪ ಅದರ ಮುಂದೆ ಅಂಗೈ ಹಿಡಿದು ನೋಡಿದ.

"ಇದು ಹಪ್ಪಳ ಸುಡಾಕ ಚಲೋ ಐತ್ರಿ. ಬಾಣಂತಿ ಹೊರಸಿನ ಕೆಳಗ ಇಟ್ರ ಹಗ್ಗ ಹತ್ತತೈತಿ."

"ಗಂಟಲಾನೂ ಒಣಗಸತೈತಿ," ಎಂದ ಅಬ್ದುಲಗನಿ.

ಅಂಗಡಿಯವ ಒಳಗೆ ಕರೆದುಕೊಂಡು ಹೋದ. ಅಲ್ಲಿ ಎರಡು ಪೆಟ್ಟಿಗೆ ಇದ್ದವು. ಮುಂಬಯಿ ಬಂದರಿನಲ್ಲಿ ಯಾರೋ ಬಿಡಿಸಿಕೊಳ್ಳದೆ ಹರಾಜಿಗೆ ಬಂದ ಪರದೇಶದ ಮಾಲು. ಉದ್ದನೆಯ ಬಿಳಿ ಪೆಟ್ಟಿಗೆ ಕೋಣೆಯ ಗೋಡೆಗೆ, ರೆಕ್ಕೆಯ ಫ್ಯಾನಿದ್ದ ದೊಡ್ಡ ಪೆಟ್ಟಿಗೆ ಮನೆಯ ಹೊರಗೆ. ನಡುವೆ ಬೆರಳು ಗಾತ್ರದ ತಾಮ್ರದ ಕೊಳವೆ, ಅಷ್ಟೇ. ಟಾಕೀಜಿನಲ್ಲಿ ಇರುವಂತೆ ಛತ್ತಿನ ತುಂಬ ಗಾಳಿ ಬಿಡುವ ತಗಡಿನ ಸುರಂಗ ಓಡಿಸುವುದು ಬೇಕಾಗಿಲ್ಲ ಎಂದು ಅಂಗಡಿಯವ ಹೆಮ್ಮೆಯಿಂದ ಹೇಳಿದ.

"ಇದು ಕಾವು ಹುಟ್ಟಸೂದಿಲ್ರಿ. ಹೊರಗಿನ ಕಾವು ಎಳಕೊಂಡು ಒಳಗ ತಂದು ಬಿಡತೈತಿ."

"ಹೊರಗ ಥಂಡಿ ಇರತೈತಲ್ರಿ?" ಎಂದ ಈರಬಸಪ್ಪ.

"ಥಂಡ್ಯಾಗೂ ಕಾವು ಇರತೈತ್ರಿ."

ಈರಬಸಪ್ಪ ನನ್ನ ಮುಖ ನೋಡಿದ. ನಾನು ಅಬ್ದುಲಗನಿಯ ಮುಖ ನೋಡಿದೆ. ಅಬ್ದುಲಗನಿ ಪೆಟ್ಟಿಗೆಯ ಮುಖ ನೋಡಿದ.

"ಇರತೈತ್ರಿ ಸಾವ್ಕಾರ್ರ," ಎಂದ ಅವನು. "ನೆಲದಾಗ ನೀರು ಇರೂದಿಲ್ಲೇನು? ಕಾಣೂದಿಲ್ಲ ಖರೆ. ಪಂಪ್ ಹಚ್ಚಿದ್ರ ಬರತೈತಿ. ಹಂಗ ಇದೂನು ಒಂದು ಪಂಪ್."

ಪಂಪೆಂದ ಮೇಲೆ ಈರಬಸಪ್ಪನಿಗೆ ಧೈರ್ಯ ಬಂತು.

"ಕೋಣಿ ಎಷ್ಟು ದೊಡ್ಡದೈತ್ರಿ?" ಎಂದು ಅಂಗಡಿಯವ ಕೇಳಿದ. "ಕೋಣಿ ದೊಡ್ಡದಾಗಿ ಮಶೀನ್ ಸಣ್ಣದಾದ್ರ ಸಾಲೂದಿಲ್ಲ."

"ಭತ್ತದ ಚೀಲ ಗೋಡೆಗುಂಟ ಒಟ್ಟಿದ್ರ ಮ್ಯಾಲ ಬೆಕ್ಕು ಅಡ್ಡಾಡಾಕ ಜಾಗಾ ಉಳೀತೈತ್ರಿ."

"ಥಂಡಿ ಎಷ್ಟು ಬೀಳತೈತಿ?"

"ಕೊಬ್ಬರಿ ಎಣ್ಣಿ ಬಾಟ್ಲ್ಯಾಗ ಗಡ್ಡಿ ಆಗತೈತಿ. ಒಲಿ ಮುಂದ ಇಟ್ಟು ತಲಿಗೆ ಹಚ್ಕೋಬೇಕು."

"ಅಷ್ಟಕ್ಕ ಏನೂ ಆಗೂದಿಲ್ರಿ. ಬರ್ಫ ಬೀಳೂ ದೇಶದಾಗ ಮಂದಿ ಇದನ್ನ ಹಚ್ಕೊಂಡು ಮಲಗತಾರ."

"ಬಾಣಂತ್ಯಾರಿಗೆ?"

"ಎಲ್ಲಾರಿಗೂ."

"ಬಾಣಂತಿ ಅಲ್ಲದವರಿಗೆ ಯಾಕ ಬೇಕ್ರಿ ಇದು?" ಎಂದು ಈರಬಸಪ್ಪ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ.

ನನಗೆ ಒಂದೇ ಮಾತು ಮನಸ್ಸಿನಲ್ಲಿ ಉಳಿದಿತ್ತು. "ಹೊರಗಿನ ಕಾವು ಒಳಗ ತಂದ್ರ, ಹೊರಗ ಏನು ಉಳೀತೈತ್ರಿ?"

"ಥಂಡಿ ಉಳೀತೈತ್ರಿ ಹಿರ್ಯಾರ. ಹೊರಗಿನ ಥಂಡಿ ಯಾರಿಗೇನು ತ್ರಾಸು?" ಎಂದು ನಕ್ಕ.

ಅವನು ನಮ್ಮ ಪಕ್ಕದ ಮನೆಯ ಹೊಳೆಪ್ಪನನ್ನು ನೋಡಿರಲಿಲ್ಲ.

ಎರಡೂ ಪೆಟ್ಟಿಗೆ ಕೊಂಡು ಊರಿಗೆ ತಂದೆವು. ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಕೂಡ್ರಿಸುವುದು ಎಂಬುದಕ್ಕೆ ಅಬ್ದುಲಗನಿ ಈರಬಸಪ್ಪನ ಮನೆಯ ಸುತ್ತ ತಿರುಗಿದ. ಮುಂದೆ ಕಟ್ಟೆ, ಹಿಂದೆ ಬಚ್ಚಲು, ಒಂದು ಬದಿಗೆ ನನ್ನ ಮನೆಯ ಗೋಡೆ. ಉಳಿದದ್ದು ನಮಗೂ ಹೊಳೆಪ್ಪನ ಮನೆಗೂ ನಡುವೆ ಇದ್ದ ಸಂದಿ. ಒಬ್ಬ ಮನುಷ್ಯ ಹುಲ್ಲಿನ ಹೊರೆ ಹೊತ್ತು ಅಡ್ಡಾಗಿ ನಡೆಯುವಷ್ಟು ಜಾಗ. ಆಚೆ ಬದಿಗೆ ಹೊಳೆಪ್ಪನ ಕೊಟ್ಟಿಗೆ, ಅದರಲ್ಲಿ ಗಬ್ಬದ ಎಮ್ಮೆ. ಬಾಣಂತಿ ಕೋಣೆಯ ಗೋಡೆ ಆ ಸಂದಿಗೇ ಇದ್ದದ್ದರಿಂದ ಅಬ್ದುಲಗನಿ ಅಲ್ಲಿಯೇ ತೂತು ಕೊರೆದ.

ರೇವವ್ವ ಹೆಣ್ಣು ಹಡೆದಳು. ಕೂಸು ಸಣ್ಣದು, ಅದರ ಪಾದ ನನ್ನ ಹೆಬ್ಬೆರಳಿನಷ್ಟಿತ್ತು. ಯಂತ್ರ ಹಚ್ಚಿದರು. ಕೋಣೆ ಬೆಚ್ಚಗಾಯಿತು. ಹೊಗೆಯಿಲ್ಲ, ಬೂದಿಯಿಲ್ಲ, ಕೆಮ್ಮಿಲ್ಲ. ರೇವವ್ವ ಬಾಗಿಲ ಮರೆಯ ಗಂಟು ಬಿಚ್ಚಿ ಸೀರೆಗಳನ್ನು ಹಗ್ಗದ ಮೇಲೆ ಹಾಕಿದಳು.

ಸುಶೀಲವ್ವ ಮಾತ್ರ ದಿನಾಲು ಒಳಗೆ ಹೋಗಿ ಗಾಳಿ ಮೂಸಿ ನೋಡಿ ಬರುತ್ತಿದ್ದಳು. "ಕಾವು ಐತ್ರಿ ಭಾವಾರ. ಆದ್ರ ವಾಸನಿ ಇಲ್ಲ. ವಾಸನಿ ಇಲ್ಲದ ಕಾವು ಮೈಯಾಗ ಇಳೀತೈತೋ ಇಲ್ಲೋ." ಶೇಗಡಿಯನ್ನು ಅಟ್ಟಕ್ಕೆ ಹಾಕಲಿಲ್ಲ. ಇದ್ದಿಲು ತುಂಬಿ ಕೋಣೆಯ ಬಾಗಿಲ ಹತ್ತಿರವೇ ಇಟ್ಟಿದ್ದಳು.

ನಾಲ್ಕಾರು ದಿನ ಕಳೆದಿರಬೇಕು. ಒಂದು ಮುಂಜಾನೆ ಹೊಳೆಪ್ಪ ಕಂಬಳಿ ಹೊದ್ದು ನಮ್ಮ ಅಂಗಳಕ್ಕೆ ಬಂದ.

"ಲೇ ಈರಬಸ್ಯಾ! ನನ್ನ ಕೊಟ್ಟಿಗಿ ಕಾವು ಕಸಗೊಂಡು ನಿನ್ನ ಮಗಳಿಗೆ ಕಾಸ್ತೀ ಏನಲೇ?"

"ನಿನ್ನ ಕಾವಾ? ಕಾವಿಗೆ ನಿನ್ನ ಹೆಸರು ಬರದೈತೇನು?"

"ಬಂದು ನಿಂದ್ರು ಬಾ ಸಂದ್ಯಾಗ! ನಿನ್ನ ಪೆಟಿಗಿ ಥಣ್ಣನ ಗಾಳಿ ನನ್ನ ಎಮ್ಮಿ ಮಾರಿಗೆ ಉಗಳಾಕತ್ತೈತಿ. ಎಮ್ಮಿ ಮೈ ಮುಳ್ಳೆದ್ದೈತಿ. ಮೊದಲ ಆ ಸಂದಿ ಎಷ್ಟು ಬೆಚ್ಚಗಿತ್ತು!"

ನಾವೆಲ್ಲ ಹೋಗಿ ನಿಂತೆವು. ಹೊಳೆಪ್ಪ ಹೇಳಿದ್ದು ಸುಳ್ಳಲ್ಲ. ಸಂದಿಯಲ್ಲಿ ಹಲ್ಲು ಕಡಿಯುವ ಥಂಡಿ. ಎಮ್ಮೆ ಗೋಡೆಯ ಕಿಂಡಿಯಿಂದ ನಮ್ಮನ್ನು ನೋಡುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆಯ ಫ್ಯಾನು ತಾನಾಗಿಯೇ ನಿಂತಿತು. ಒಳಗೆ ಹೆಪ್ಪುಗಟ್ಟಿದ್ದ ಬರ್ಫ ಕರಗಿಸಿಕೊಳ್ಳಲು ಅದು ಆಗಾಗ ಹಾಗೆ ನಿಲ್ಲುತ್ತದೆ ಎಂದು ಅಬ್ದುಲಗನಿ ಆಮೇಲೆ ಹೇಳಿದ. ಆಗ ನಮಗೆ ಕಂಡದ್ದು ಇಷ್ಟೇ, ಪೆಟ್ಟಿಗೆಯಿಂದ ಬಿಳಿ ಹಬೆ ದಬದಬನೆ ಎದ್ದು ಸಂದಿ ತುಂಬಿತು.

"ನೋಡ್ರಿ! ನೋಡ್ರಿ!" ಎಂದ ಹೊಳೆಪ್ಪ. "ನನ್ನ ಕಾವು! ನಾ ಬೈದ ಮ್ಯಾಲ ಹೊಳ್ಳಿ ಕೊಡಾಕತ್ತೈತಿ!"

ಓಡಿಹೋಗಿ ಎಮ್ಮೆಯನ್ನು ಬಿಚ್ಚಿ ತಂದು ಹಬೆಯಲ್ಲಿ ನಿಲ್ಲಿಸಿದ. ಎಮ್ಮೆ ಕಣ್ಣು ಮುಚ್ಚಿತು. ತುಸು ಹೊತ್ತಿಗೆ ಹಬೆ ನಿಂತು ಫ್ಯಾನು ಮತ್ತೆ ತಿರುಗಿ, ಥಂಡಿ ಗಾಳಿ ಎಮ್ಮೆಯ ಹೊಟ್ಟೆಗೇ ಬಡಿಯಿತು. ಹೊಳೆಪ್ಪ ನೆಟ್ಟಗೆ ಬಸವಣ್ಣನ ಗುಡಿಗೆ ಹೋಗಿ ಹಿರಿಯರನ್ನು ಕೂಡಿಸಿದ.

ಅಬ್ದುಲಗನಿಯನ್ನು ಕರೆಸಿದರು. ಕೆರೆಯ ನೀರನ್ನು ಗದ್ದೆಗಳಿಗೆ ಪಾಳಿ ಪ್ರಕಾರ ಬಿಡುವ ಮಂಜಪ್ಪ ಮುಂದೆ ಕುಳಿತಿದ್ದ. ಊರಲ್ಲಿ ಹಂಚುವ ಮಾತು ಬಂದರೆ ಅವನೇ ದೊಡ್ಡವ.

"ಅಬ್ದುಲಗನಿ, ಬಸವಣ್ಣನ ಮುಂದ ಕುಂತೀವಿ. ಖರೆ ಹೇಳು. ಆ ಕಾವು ಎಲ್ಲಿಂದ ಬರತೈತಿ?"

ಈರಬಸಪ್ಪ ಅವನಿಗೆ ಕಣ್ಣು ಮಾಡುತ್ತಿದ್ದ. ಅಬ್ದುಲಗನಿ ಎರಡೂ ಕಡೆ ನೋಡಿದ.

"ಸಂದ್ಯಾಗಿಂದ್ರಿ."

"ಮುಗೀತಲ್ಲ!" ಎಂದ ಹೊಳೆಪ್ಪ.

ಮಂಜಪ್ಪ ಎದ್ದು ಬಂದು ಹಗ್ಗ ಹಿಡಿಸಿ ಸಂದಿ ಅಳೆಸಿದ. ಎರಡೂ ಮನೆಯ ಮಾಳಿಗೆಯ ನೀರು ಅದರ ನಡುವೆಯೇ ಬೀಳುತ್ತಿದ್ದದ್ದರಿಂದ, ಅಜ್ಜಂದಿರ ಕಾಲದಿಂದ ಅರ್ಧ ಅವರದು, ಅರ್ಧ ನಮ್ಮದು. ಪೆಟ್ಟಿಗೆ ಕಾವು ಎಳೆಯುವಾಗ ಅರ್ಧಕ್ಕೆ ನಿಲ್ಲುತ್ತದೆಯೇ ಎಂದು ಅವನು ಕೇಳಿದ. ನಿಲ್ಲುವುದಿಲ್ಲ ಎಂದ ಅಬ್ದುಲಗನಿ.

"ಹಂಗಾದ್ರ ಇದು ಕೆರಿ ನೀರು ಇದ್ದಂಗ," ಎಂದು ಮಂಜಪ್ಪ ತೀರ್ಪು ಹೇಳಿದ. "ಮೂಲ ಇಬ್ರದು, ಪಂಪ್ ಒಬ್ರದು. ಪಾಲು ಕೊಡಬೇಕು. ಬಾಣಂತಿ ಕಾವು ಬಂದ್ ಮಾಡೂದು ಪಾಪ. ಹೊಳೆಪ್ಪಗ ಪಾಳಿ ಹಾಕ್ರಿ."

"ಕಾವಿನ ಪಾಳಿ ಹೆಂಗ ಹಾಕೂದೋ ಯಪ್ಪಾ? ಕಾಲವಿ ತಗದು ಬಿಡಲೇನು?" ಎಂದ ಈರಬಸಪ್ಪ.

ಈ ಮಾತಿಗೆ ದಾರಿ ತೋರಿಸಿದವಳು ಕೂಸಿಗೆ ನೀರೆರೆಯಲು ಬರುತ್ತಿದ್ದ ಮುದುಕಿ ಶಿವಗಂಗವ್ವ. "ಕಾವು ಎಲ್ಲೈತಿ? ಕೋಣ್ಯಾಗೈತಿ. ಪಾಲು ಇದ್ದವರು ಬಂದು ಕುಂದರ್ರಿ, ಕಾಸ್ಕೋರಿ, ಹೋಗ್ರಿ."

ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ರೂಢಿಯಿಲ್ಲ. ಆದ್ದರಿಂದ ಹೊಳೆಪ್ಪ ತನ್ನ ಪಾಲಿಗೆ ಹೆಂಡತಿ ರಾಮವ್ವನನ್ನು ಕಳಿಸಿದ. ಅವಳು ಮರುದಿನ ಮುಂಜಾನೆ ಮೊರ ಹಿಡಿದು, ಅದರಲ್ಲಿ ಹಸನು ಮಾಡುವ ಜೋಳ ಹಾಕಿಕೊಂಡು ಬಂದು ಗೋಡೆಗೆ ಒರಗಿ ಕುಳಿತಳು. ಹೊಳೆಪ್ಪ ಸಂದಿಯಲ್ಲಿ ನಿಂತು ಕೂಗುತ್ತಿದ್ದ.

"ಬೆಚ್ಚಗೈತೇನು?"

"ಹೂಂ, ಬೆಚ್ಚಗೈತಿ!"

"ಪೂರಾ ತೊಗೊಂಡು ಬಾ! ಎಮ್ಮಿ ಪಾಲೂ ಕುಂದ್ರು!"

ಎಮ್ಮೆಯ ಪಾಲಿಗೆಂದು ರಾಮವ್ವ ಮತ್ತಿಷ್ಟು ಹೊತ್ತು ಕುಳಿತಳು. ಆಮೇಲೆ ಮನೆಗೆ ಹೋಗಿ ಎಮ್ಮೆಯ ಬೆನ್ನ ಮೇಲೆ ಅಂಗೈ ಇಟ್ಟಳಂತೆ. ಹೊಳೆಪ್ಪನಿಗೆ ಸಮಾಧಾನವಾಯಿತು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಸಂದಿಯ ಬಾಯಿಗೆ ಮನೆಯಿದ್ದ ಮರೆವ್ವ, ತನ್ನ ಅಂಗಳದ ಗಾಳಿಯೇ ಸಂದಿಯೊಳಗೆ ಹೋಗುತ್ತದೆ, ತನಗೂ ಪಾಲಿದೆ ಎಂದಳು. ಮಂಜಪ್ಪ ಬಂದು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡಿ ಹೌದೆಂದ. ಓಣಿಯ ಮೇಲ್ದಂಡೆಯ ಬಸಕ್ಕ, ಬಾಷಾಬಿ ಇಬ್ಬರೂ, ಹೊಟ್ಟು ತಮ್ಮ ಮನೆಯ ಮುಂದಿನಿಂದಲೇ ಹಾರಿ ಬಂತಲ್ಲ ಎಂದರು. ಹೊಟ್ಟು ಎಷ್ಟು ದೂರ ತೂರಿದರೆ ಅಷ್ಟು ಪಾಲುದಾರರು ಹುಟ್ಟುತ್ತಾರೆಂದು ಮಂಜಪ್ಪ ತೂರುವುದನ್ನೇ ನಿಲ್ಲಿಸಿದ. ಅಷ್ಟರಲ್ಲಿ ಓಣಿಯ ಹೆಂಗಸರಿಗೆಲ್ಲ ಪಾಳಿ ಬಂದಿತ್ತು. ಯಾರ ಪಾಳಿ ಯಾವ ಹೊತ್ತಿಗೆ ಎಂಬುದನ್ನು ಶಿವಗಂಗವ್ವ ಬಾಯಲ್ಲಿಯೇ ಇಟ್ಟುಕೊಂಡಿದ್ದಳು.

"ದೊಡ್ಡಪ್ಪಾ," ಎಂದಳು ರೇವವ್ವ ಬಾಗಿಲ ಮರೆಯಿಂದ ನನಗೆ, "ಇದೇನು ಬಾಣಂತಿ ಕೋಣ್ಯೋ, ಹಿಟ್ಟಿನ ಗಿರಣ್ಯೋ? ಪಾಳಿ ಪಾಳಿ ಅಂತ ಬಡದಾಡಾಕತ್ತಾರ."

"ಉಸಿರು ಹೆಂಗೈತವ್ವಾ?"

"ಉಸಿರು ಚಲೋ ಐತಿ."

ನನಗೆ ಅಷ್ಟು ಸಾಕಾಗಿತ್ತು.

ಪುಷ್ಯದ ನಡುವೆ, ಆ ವರ್ಷದ ಎಲ್ಲಕ್ಕಿಂತ ದೊಡ್ಡ ಥಂಡಿ ಬಿದ್ದ ದಿನ, ಹೊತ್ತು ಮುಳುಗುವ ಮೊದಲೇ ಊರ ಹೊರಗಿನ ಟಿ.ಸಿ. ಢಬ್ ಎಂದಿತು. ಕಂಬದ ಮೇಲಿನ ಆ ಡಬ್ಬಿ ಸುಟ್ಟರೆ ಬೇರೆ ಬರುವವರೆಗೆ ಊರಿಗೆ ಕರೆಂಟಿಲ್ಲ. ಯಾವಾಗ ಬರುತ್ತದೆ ಎಂದು ಕೇಳಿದರೆ, ಬಂದಾಗ ಬರುತ್ತದೆ ಎಂದರು.

ಆ ಒಂದು ರಾತ್ರಿ ರೇವವ್ವ, ಕೂಸು ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಕಳೆದರು. ಮುಂಜಾನೆ ನಾನು ಹೋಗುವ ಹೊತ್ತಿಗೆ ಸುಶೀಲವ್ವ ಶೇಗಡಿ ಹೊತ್ತಿಸಿ ಕೋಣೆಯ ಬಾಗಿಲಲ್ಲಿ ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು. ಹೊಗೆಯದೋ, ಏನೋ.

"ಕೂಸಿನ ಪಾದ ಮುಟ್ಟಿ ನೋಡು ಬೇ! ಥಣ್ಣಗ ಐತಿ! ಇನ್ನ ಏನು ಸಾಯಸ್ತೀ ಅದನ್ನ?"

ರೇವವ್ವ ಹೊರಸಿನ ಮೇಲೆ ಎದ್ದು ಕುಳಿತಿದ್ದಳು. ಹಗ್ಗದ ಮೇಲಿನ ಸೀರೆಗಳು ಮತ್ತೆ ಗಂಟಾಗಿದ್ದವು. ಕೂಸು ಸೆರಗಿನೊಳಗೆ. ಆಗಲೇ ಒಂದು ಎಳೆ ಹೊಗೆ ಒಳಗೆ ಹೋಗಿ ಅವಳ ಎದೆಯಲ್ಲಿ ಸಿಳ್ಳೆಯಂಥ ಸಪ್ಪಳ ಎದ್ದಿತ್ತು.

"ಒಳಗ ತಂದ್ರ ನಾ ಉಳಿಯೂದಿಲ್ಲಬೇ. ಹೊರಗ ಹೋದ್ರ ಕೂಸು ಉಳಿಯೂದಿಲ್ಲ. ಯಾವುದು ಬೇಕು ನೀನ ಹೇಳು."

ಸುಶೀಲವ್ವ ಹೆಜ್ಜೆ ಮುಂದಿಡಲಿಲ್ಲ, ಹಿಂದೆಯೂ ಸರಿಯಲಿಲ್ಲ. ಈರಬಸಪ್ಪ ಕಂಬಕ್ಕೆ ಆತು ನಿಂತಿದ್ದ. ಮೊದಲ ಬಸ್ಸು ಕೆರೆಯ ಏರಿಯ ಮೇಲೆ ಹಾರ್ನು ಹೊಡೆದದ್ದು ಕೇಳಿಸಿತು. ರೇವವ್ವ ಕಾಲು ಕೆಳಗೆ ಬಿಟ್ಟಳು.

ಆಗ ರಾಮವ್ವ ಮೊರ ಹಿಡಿದು ಬಂದಳು.

"ಸರೀರಿ ಸುಶೀಲಕ್ಕಾ, ದಾರಿ ಬಿಡ್ರಿ. ನನ್ನ ಪಾಳಿ."

"ಯಾವ ಪಾಳಿ? ಕರೆಂಟ ಇಲ್ಲ!"

"ಕರೆಂಟ ನಿಮ್ಮದು. ಪಾಳಿ ನನ್ನದು. ನಿನ್ನೆ ಸಂಜೀದೂ ಉಳದೈತಿ, ಎಮ್ಮಿದೂ ಐತಿ. ಕುಂದ್ರದ ಹೋದ್ರ ನಮ್ಮನ್ಯಾವ ನನ್ನ ಮನ್ಯಾಗ ಇಟಗೊಳ್ಳೂದಿಲ್ಲ."

ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಹಿಂದಿನಿಂದ ಮರೆವ್ವ ಬಂದಳು. ಕರೆಂಟು ಹೋಗಿ ತಪ್ಪಿದ ಪಾಳಿ ಯಾರ ಲೆಕ್ಕಕ್ಕೆ ಎಂದು ಜಗಳಾಡುತ್ತ ಬಸಕ್ಕ, ಬಾಷಾಬಿ ಬಂದರು. ತಪ್ಪಿದವರು, ತಪ್ಪದವರು, ತಪ್ಪೀತೆಂದು ಹೆದರಿದವರು, ಓಣಿಯ ಅಷ್ಟೂ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ತುರುಕಿಕೊಂಡರು. ಕಡೆಗೆ ಶಿವಗಂಗವ್ವ ಬಂದು, ಗಾಳಿ ಬರುತ್ತದೆ ಎಂದು ಬಾಗಿಲು ಎಳೆದುಕೊಂಡಳು. ಸುಶೀಲವ್ವ ಶೇಗಡಿ ಹಿಡಿದು ಹೊರಗೇ ಉಳಿದಳು.

ಬಸ್ಸು ಬಂದು ನಿಂತು ಹೋಯಿತು. ಒಳಗಿಂದ ಒಂದೇ ಗದ್ದಲ. ಯಾರೋ ಯಾರದೋ ಸೊಸೆಯ ಮಾತು ಎತ್ತಿದ್ದರು, ಬೇಗ ಮುಗಿಯುವಂಥದ್ದಲ್ಲ. ಬಹಳ ಹೊತ್ತಿನ ಮೇಲೆ ಸುಶೀಲವ್ವ ತಡೆಯಲಾರದೆ ಕಾಲಿನಿಂದ ಬಾಗಿಲು ದೂಡಿದಳು. ಶೇಗಡಿ ಇಡಲು ಜಾಗ ನೋಡಿದಳು. ಹೊರಸಿನ ಕೆಳಗೂ ಒಬ್ಬಳು ಕಾಲು ಚಾಚಿ ಕುಳಿತಿದ್ದಳು. ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಬಾಷಾಬಿ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸುತ್ತಿದ್ದಳು. ಕೂಸು ರಾಮವ್ವನ ತೊಡೆಯ ಮೇಲೆ, ಮೊರದಲ್ಲಿದ್ದ ಜೋಳ ಬದಿಗೆ. ರೇವವ್ವ ಇಬ್ಬರ ನಡುವೆ ಒತ್ತಿ ಕುಳಿತಲ್ಲಿಯೇ ನಿದ್ದೆ ಹೋಗಿದ್ದಳು. ಎದೆಯ ಸಿಳ್ಳೆ ನಿಂತಿತ್ತು.

ಸುಶೀಲವ್ವ ಬಗ್ಗಿ ಕೂಸಿನ ಪಾದ ಮುಟ್ಟಿದಳು. ಆಮೇಲೆ ಹೊರಗೆ ಬಂದು ಶೇಗಡಿಯನ್ನು ನನ್ನ ಮುಂದೆ ಇಟ್ಟಳು.

"ಭಾವಾರ, ನೀವು ಕಾಸ್ಕೋರಿ."

ಮತ್ತೆ ಒಳಗೆ ಹೋಗಿ ಗಾಳಿ ಮೂಸಿ ನೋಡಿದಳು. "ಹಾಂ," ಎಂದದ್ದು ನನಗೆ ಕೇಳಿಸಿತು, "ಈಗ ವಾಸನಿ ಐತಿ."

ಕರೆಂಟು ಇಲ್ಲದಷ್ಟು ಕಾಲವೂ ಹೆಂಗಸರು ಪಾಳಿ ಬಿಡಲಿಲ್ಲ. ಬಿಟ್ಟರೆ ಹಕ್ಕು ಹೋದೀತು ಎಂದು ಎಲ್ಲರಿಗೂ ಅನುಮಾನ. ಹೊಳೆಪ್ಪ ಮಾತ್ರ ಒಂದು ದಿನ ಗುಡಿಯ ಕಟ್ಟೆಯ ಮೇಲೆ ಹೊಸ ಮಾತು ತೆಗೆದ.

"ಮಂಜಪ್ಪಾ, ಈಗ ಪೆಟಿಗಿ ಬಂದ್ ಐತಿ. ಹಂಗಾದ್ರ ಕೋಣ್ಯಾಗಿನ ಕಾವು ಯಾರದು? ನನ್ನ ಹೇಣ್ತೀದು! ನನ್ನ ಮನಿ ರೊಟ್ಟಿ ತಿಂದ ಕಾವು ಅವನ ಮನ್ಯಾಗ ಖರ್ಚಾಗಾಕತ್ತೈತಿ!"

ಮಂಜಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಮೊದಲ ಅವರು ಎಳದಾರ, ಈಗ ನೀವು ಕೊಟ್ಟೀರಿ. ಸಮ ಆತು," ಎಂದ.

"ಎಮ್ಮೀದು?"

"ಎಮ್ಮಿ ಈದ ಮ್ಯಾಲ ನೋಡೂಣು."

ಹೊಸ ಟಿ.ಸಿ. ಬಂತು. ಅಬ್ದುಲಗನಿ ಓಡಿಬಂದು ಯಂತ್ರ ಹಚ್ಚಿದ. ಒಳಗಿಂದ ಹೆಂಗಸರು ಒಟ್ಟಿಗೇ ಕೂಗಿದರು.

"ಆರಸೋ ಅದನ್ನ! ಅದರ ಸಪ್ಪಳದಾಗ ಒಬ್ರ ಮಾತು ಒಬ್ರಿಗೆ ಕೇಳೂದಿಲ್ಲ!"

"ಕಾವು ಬ್ಯಾಡೇನ್ರಿ?"

"ಕುದ್ಯಾಕತ್ತೀವಿ! ಆರಸು!"

ಅಬ್ದುಲಗನಿ ಆರಿಸಿದ. ಈರಬಸಪ್ಪ ನನ್ನ ಬದಿಗೆ ಬಂದು ಕುಳಿತ. "ಅಣ್ಣಾ, ಹುಬ್ಬಳ್ಳಿ ತನಕಾ ಹೋಗಿ ಆರಿಸಿ ತಂದಿದ್ವಿ," ಎಂದ. ನಾನು ಶೇಗಡಿಯನ್ನು ಅವನ ಕಡೆ ತುಸು ಸರಿಸಿದೆ.

ಎಮ್ಮೆ ಶಿವರಾತ್ರಿಯ ಸುಮಾರಿಗೆ ಈದಿತು, ಹೆಣ್ಣು ಕರು. ಹೊಳೆಪ್ಪ ಗಿಣ್ಣದ ಪಾತ್ರೆ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು, ಇದು ಬಾಣಂತಿಗೆ, ಈರಬಸ್ಯಾನಿಗಲ್ಲ ಎಂದು ಹೇಳಿ ಹೋದ. ಯಂತ್ರವನ್ನು ಅಬ್ದುಲಗನಿ ಒಂದು ದಿನ, ಮಾರಿಕೊಡುತ್ತೇನೆಂದು, ಕಳಚಿ ಚಕ್ಕಡಿಯಲ್ಲಿ ಹಾಕಿಕೊಂಡು ಹೋದ. ಅದು ಯಾವ ವಾರವೋ ನನಗೆ ನೆನಪಿಲ್ಲ.

ಗಂಡನ ಮನೆಯವರು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡಿಸಿಕೊಂಡು ಬಂದಾಗ ಬಿಸಿಲು ಕಾದಿತ್ತು. ಓಣಿಯ ಹೆಂಗಸರೆಲ್ಲ ಬಸ್ಸಿನ ತನಕ ಬಂದರು. ರಾಮವ್ವ ಕಿಟಕಿಯೊಳಗೆ ಕೈ ಹಾಕಿ ಕೂಸಿನ ಪಾದ ಹಿಡಿದು, "ನನ್ನ ಪಾಳಿ ಇನ್ನೂ ಉಳದೈತಿ ನೋಡ ರೇವಿ. ಮುಂದಿನ ಸಲ ಬಂದಾಗ ಕುಂದ್ರತೀನಿ," ಎಂದಳು. ಸುಶೀಲವ್ವ ಮಗಳ ಗಂಟನ್ನು ಒಳಗೆ ಕೊಟ್ಟಳು. ಅದು ಬಂದಾಗಿನದಕ್ಕಿಂತ ದೊಡ್ಡದಾಗಿತ್ತು. ಹೋಳಿ ಹುಣ್ಣಿಮೆ ಮುಗಿದ ಮರುದಿನ, ಸೋಮವಾರ, ಮೊದಲ ಬಸ್ಸಿಗೆ ರೇವವ್ವ ಹೋದಳು.